ಜಿಗಿಹುಳುವಿಗೆ ಭತ್ತದ ರಸ ರುಚಿಸದಂತೆ ಮಾಡಿ

ಭದ್ರಾ ನಾಲೆಯ ಕೆಳಗಿನ ದಾವಣಗೆರೆ, ಹರಿಹರ, ಮಲೇಬೆನ್ನೂರು ಕಡೆಯ ಗದ್ದೆಗೆ ಕಂದು ಜಿಗಿಹುಳು ಬಿದ್ದಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಯೂರಿಯಾ ಎಷ್ಟು ಚೀಲ ಹಾಕಿದ್ದೀರಿ?

ಈ ಹುಳು ಎಲೆ ಕಡಿಯುವುದಿಲ್ಲ. ಸೂಜಿಯಂಥ ಮೂತಿಯನ್ನು ಬುಡಕ್ಕೆ ಚುಚ್ಚಿ, ಎಲೆಯಿಂದ ಸಕ್ಕರೆ ಇಳಿಯುವ ನಾಳ ಹುಡುಕಿ ರಸ ಹೀರುತ್ತದೆ. ಪೈರೂ ಸುಮ್ಮನಿರುವುದಿಲ್ಲ. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ಹೀರುವುದನ್ನು ತಡೆಯುತ್ತದೆ. ಶಾಫ್ಟೊಸೈಡ್ ಎಂಬ ಫ್ಲೇವನಾಯ್ಡ್ ಹುಳುವಿಗೆ ವಿಷ. ಚುಚ್ಚಿಸಿಕೊಂಡ ಪೈರು ಲಿನಲೂಲ್ ಮುಂತಾದ ವಾಸನೆ ಬಿಡುತ್ತದೆ. ಆ ಜಾಡು ಹಿಡಿದು ಬರುವ ಪುಟಾಣಿ ಕಣಜ ಜಿಗಿಹುಳುವಿನ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುತ್ತದೆ. ಕೇರಳದ ಪಟ್ಟಾಂಬಿಯ ಪಿಟಿಬಿ 33 ತಳಿ ಈ ಹುಳುವನ್ನು ತಡೆದುಕೊಳ್ಳುವುದರಲ್ಲಿ ಹೆಸರಾದದ್ದು. ನಮ್ಮ ಅಚ್ಚುಮೆಚ್ಚಿನ ಬಿಪಿಟಿ 5204ಕ್ಕೆ ಆ ಗಟ್ಟಿತನವಿಲ್ಲ, ಹಾಗಾಗಿ ಇರುವಷ್ಟನ್ನಾದರೂ ಉಳಿಸಿಕೊಳ್ಳಬೇಕು.

ಯೂರಿಯಾ ಅತಿಯಾದರೆ ರಸದಲ್ಲಿ ಅಮೈನೊ ಆಮ್ಲ ಏರುತ್ತದೆ, ಹುಳುವನ್ನು ತಡೆಯುವ ಫೀನಾಲ್ ಇಳಿಯುತ್ತದೆ. ಹುಳುವಿಗೆ ಹಬ್ಬದೂಟ.

ಎಕರೆಗೆ 40 ಕೆ.ಜಿ. ಸಾರಜನಕ, ತಲಾ 20 ಕೆ.ಜಿ. ರಂಜಕ ಮತ್ತು ಪೊಟ್ಯಾಷ್ ಸಾಕು. ನಾಟಿ ಹೊತ್ತಿಗೆ ಡಿಎಪಿ (ಸಾರಜನಕ, ರಂಜಕದ ಗೊಬ್ಬರ) 43 ಕೆ.ಜಿ., ಎಂಒಪಿ (ಪೊಟ್ಯಾಷ್ ಗೊಬ್ಬರ) 33, ಯೂರಿಯಾ 26. ತೆಂಡೆ ಒಡೆಯುವಾಗ ಯೂರಿಯಾ 22, ತೆನೆ ಕಟ್ಟಲು ಶುರುವಾದಾಗ ಇನ್ನೊಂದು 22. ಒಟ್ಟು ಯೂರಿಯಾ 70 ಕೆ.ಜಿ., ಅಂದರೆ 45 ಕೆ.ಜಿ.ಯ ಎರಡು ಚೀಲವೂ ಪೂರ್ತಿ ಖರ್ಚಾಗದು. ಪಕ್ಕದ ಗದ್ದೆ ಕಡುಹಸಿರಾಗಿದೆ ಎಂದು ಮೂರನೇ ಚೀಲ ಬಿಚ್ಚುವಲ್ಲೇ ಎಡವಟ್ಟು ಶುರು. ನಾಟಿಯಲ್ಲಿ ಪ್ರತಿ 2 ಮೀಟರಿಗೆ ಒಂದಡಿ ಹಾದಿ ಬಿಡಿ. ಬುಡಕ್ಕೆ ಗಾಳಿ, ಬೆಳಕು ಸಿಗುತ್ತದೆ.

ವಾರಕ್ಕೊಮ್ಮೆ ಗದ್ದೆಯ ನಡುವಿಗೆ ಇಳಿದು ಪೈರು ಬಗ್ಗಿಸಿ ಬುಡ ತಟ್ಟಿ. ನೀರಿಗೆ ಉದುರಿ ಅಡ್ಡಡ್ಡ ಓಡುವ ಕಂದು ಚುಕ್ಕೆಗಳನ್ನು ಎಣಿಸಿ. ಬದುವಿನ ಮೇಲೆ ನಿಂತರೆ ಇದು ಕಾಣುವುದಿಲ್ಲ. ಒಂದು ಬುಡಕ್ಕೆ ಹತ್ತು ಹುಳುವಿನ ಹತ್ತಿರ ಬಂದರೆ ನೀರು ಬಸಿದು ಮೂರ್ನಾಲ್ಕು ದಿನ ಆರಲು ಬಿಡಿ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಮಾತ್ರ ಹೊಡೆಯಬೇಡಿ: ಹುಳು ತಿನ್ನುವ ಜೇಡ ಸತ್ತು, ಜಿಗಿಹುಳು ಎರಡರಷ್ಟಾಗಿ ವಾಪಸಾಗುತ್ತದೆ.

ಹುಳು ಇನ್ನೂ ಕಡಿಮೆ ಇದ್ದಾಗ ಬೇವಿನ ಬೀಜದ ಕಷಾಯ ನಡೆಯುತ್ತದೆ. ಎಕರೆಗೆ 10 ಕೆ.ಜಿ. ತಿರುಳು ಕುಟ್ಟಿ, ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, 200 ಲೀಟರಿಗೆ ಏರಿಸಿ, 200 ಗ್ರಾಂ ಸೋಪು ಬೆರೆಸಿ. ಎಣ್ಣೆ ಬಿಡುವಷ್ಟು ನುಣ್ಣಗೆ ಅರೆಯಬೇಡಿ. ಎಂಟು ತಿಂಗಳು ದಾಟಿದ ಬೀಜದಲ್ಲಿ ಕಸುವು ಕುಗ್ಗಿರುತ್ತದೆ. ಬಿಸಿಲಿಗೂ ಬೇವಿನ ಸತ್ವವಾದ ಅಜಾಡಿರಾಕ್ಟಿನ್ ನಿಲ್ಲದು, ಆದ್ದರಿಂದ ಸಂಜೆ ಸಿಂಪಡಿಸಿ, ನಾಜಲ್ ಬುಡಕ್ಕೆ ತಿರುಗಿಸಿ.