ಅಳಿವೆಯ ಕಡಲಹಾವು: ಮೊದಲು ಬಾಲ ನೋಡಿ

ಕೆರೆ, ತೋಡು, ಗದ್ದೆಯ ನೀರಲ್ಲಿ ಈಜುವ ಹಾವು ಬಹುಪಾಲು ನೀರೊಳ್ಳೆ. ಮಹಾ ಸಿಡುಕು, ಹಿಡಿದರೆ ರಕ್ತ ಬರುವ ಹಾಗೆ ಕಚ್ಚುತ್ತದೆ, ವಿಷವಿಲ್ಲ. ಆದರೆ ಕಾಳಿ, ಅಘನಾಶಿನಿ, ಶರಾವತಿಯಂಥ ನದಿಗಳು ಕಡಲು ಸೇರುವ ಅಳಿವೆಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಉಬ್ಬರದ ಜತೆ ವಿಷವುಳ್ಳ ಕಡಲಹಾವು ಒಳಗೆ ಬರುತ್ತದೆ. ಅದರಲ್ಲೂ ಕೊಕ್ಕಿನಂತೆ ಮೂತಿ ಬಾಗಿದ ಜಾತಿಗೆ ಕೆಸರುನೀರು, ಕೆಸರುನೀರಿನ ಶೇಡಿಮೀನು (ಕ್ಯಾಟ್‌ಫಿಶ್) ಎರಡೂ ಇಷ್ಟ.

ತಲೆ ತ್ರಿಕೋನವೇ, ಮೈಮೇಲೆ ಪಟ್ಟೆ ಇದೆಯೇ ಎಂದು ನೋಡುತ್ತ ಕೂರಬೇಡಿ. ಕಡಲಹಾವಿನ ತಲೆ ಚಿಕ್ಕದು, ಮರಿಯಲ್ಲಿ ಎದ್ದು ಕಾಣುವ ಕಪ್ಪು ಪಟ್ಟೆ ಬೆಳೆದಂತೆ ಮಾಸಬಹುದು. ಬಾಲ ನೋಡಿ: ಎರಡೂ ಬದಿಯಿಂದ ಒತ್ತಿದಂತೆ ಚಪ್ಪಟೆ, ದೋಣಿಯ ಹುಟ್ಟಿನ ಅಲಗಿನ ಹಾಗೆ. ನೀರೊಳ್ಳೆಯ ಬಾಲ ಗುಂಡಗೆ, ತುದಿ ಸಪೂರ. ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬುಡದಲ್ಲಿ ಸಿಗುವ ನಾಯಿಮೂತಿಯ ನೀರುಹಾವಿನದೂ ಗುಂಡಗೆ. ಅದಕ್ಕೆ ಅಲ್ಪ ವಿಷವಿದ್ದರೂ ಮನುಷ್ಯರ ಜೀವಕ್ಕೆ ಅಪಾಯವಿಲ್ಲ. ಹಾವುಮೀನಿಗೆ ಕಿವಿರಿನ ಕಂಡಿ, ಬೆನ್ನುದ್ದಕ್ಕೂ ರೆಕ್ಕೆ, ಲೋಳೆ ಮೈ. ಅರದಂಥ ಒರಟು, ಜೋಲು ಚರ್ಮದ ಇನ್ನೊಂದು ಹಾವೂ ಅಳಿವೆಯಲ್ಲಿದೆ, ಬಾಲ ತುಸು ಚಪ್ಪಟೆ, ವಿಷವಿಲ್ಲ. ಇದೊಂದು ಗೊಂದಲಕ್ಕೆ ಕಾರಣ. ಅನುಮಾನ ಬಂದರೆ ಕಡಲಹಾವೆಂದೇ ತಿಳಿದು ನಡೆದುಕೊಳ್ಳಿ.

ಕಡಲಹಾವು ಅಟ್ಟಿಸಿಕೊಂಡು ಬರುವುದಿಲ್ಲ. ಕಚ್ಚುವುದು ಹೆಚ್ಚಾಗಿ ಎರಡು ಸಂದರ್ಭದಲ್ಲಿ: ಬಲೆಯಿಂದ ಮೀನು ಬಿಡಿಸುವಾಗ, ಕದಡಿದ ನೀರಲ್ಲಿ ತುಳಿದಾಗ. ಬೆಳಕಿಲ್ಲದೆ ಬಲೆಗೆ ಕೈ ಹಾಕಬೇಡಿ, ಹಣೆಗೆ ಕಟ್ಟುವ ಟಾರ್ಚ್ ಇರಲಿ. ಮೀನನ್ನು ರಾಶಿಯಿಂದ ಬಾಚದೆ, ಒಂದು ಮೀಟರ್ ಕೋಲಿನಿಂದ ಹರಡಿ. ಹಾವು ಕಂಡರೆ ಬಲೆಯ ಆ ಭಾಗವನ್ನು ದೋಣಿಯಾಚೆ ನೀರಿಗಿಳಿಸಿ, ಅದೇ ಬಿಡಿಸಿಕೊಂಡು ಹೋಗಲು ಐದು ನಿಮಿಷ ಕೊಡಿ. ಬಲೆಯ ಕಣ್ಣಿಗೆ ಸಿಕ್ಕಿಕೊಂಡಿದ್ದರೆ ಬಾಲ ಹಿಡಿದು ಎಳೆಯಬಾರದು. ಹಿಂದಕ್ಕೆ ಎಳೆದಷ್ಟೂ ದಾರ ಹುರುಪೆಗೆ ಕಚ್ಚಿಕೊಳ್ಳುತ್ತದೆ, ಹಾವು ತಿರುಗುತ್ತದೆ. ಉದ್ದ ಹಿಡಿಯ ಕೊಕ್ಕೆಯಿಂದ ತಲೆಯನ್ನು ದೂರ ಒತ್ತಿ, ಬಲೆಯ ಎರಡು ಮೂರು ಕಣ್ಣು ಕತ್ತರಿಸಿ. ಬಲೆ ಹೊಲಿಯಲು ಅರ್ಧ ಗಂಟೆ ಸಾಕು. ಸತ್ತಂತೆ ಬಿದ್ದದ್ದನ್ನೂ ಕೈಯಿಂದ ಎತ್ತಬೇಡಿ. ದಡದಲ್ಲಿ ಇದು ಸರಿಯಾಗಿ ತೆವಳಲಾರದು, ಕಚ್ಚಲು ಮಾತ್ರ ಏನೂ ತೊಂದರೆಯಿಲ್ಲ.

ಬಳಚು (ಚಿಪ್ಪಿನ ಜೀವಿ) ಹೆಕ್ಕುವವರು ಕಾಲೆತ್ತಿ ಇಡದೆ ಎಳೆದುಕೊಂಡು ನಡೆದರೆ ಕೆಳಗಿದ್ದ ಹಾವು ಸರಿದುಹೋಗುತ್ತದೆ. ಗಂಬೂಟು ಕೆಸರಲ್ಲಿ ಹೂತು ಕಿತ್ತುಬರುವುದರಿಂದ ಪಾದದ ಗಂಟಿಗೆ ಬಿಗಿಯುವ ದಪ್ಪ ಬೂಟು ವಾಸಿ.

ಕಡಿತದಲ್ಲಿ ಮೋಸ ಹೋಗುವ ಜಾಗ ಇಲ್ಲಿದೆ. ಸಾಮಾನ್ಯವಾಗಿ ನೋವಿರುವುದಿಲ್ಲ, ಬಾವು ಇರುವುದಿಲ್ಲ, ಮುಳ್ಳು ಚುಚ್ಚಿದಂಥ ಒಂದೆರಡು ಚುಕ್ಕೆ ಅಷ್ಟೆ. ಶೇಡಿಮೀನಿನ ಮುಳ್ಳು ತಾಗಿದರೆ ಉರಿಯಿಂದ ಕೂಗಬೇಕಾಗುತ್ತದೆ. ಉರಿಯೇ ಇಲ್ಲದ ಚುಕ್ಕೆಯನ್ನು ಹೆಚ್ಚು ಅನುಮಾನಿಸಿ. ವಿಷ ಇಳಿದಿದ್ದರೆ ಅರ್ಧ ಗಂಟೆಯಿಂದ ಕೆಲವು ಗಂಟೆಯೊಳಗೆ ಕತ್ತು, ತೊಡೆ, ಸೊಂಟದ ಸ್ನಾಯು ಮುಟ್ಟಿದರೆ ನೋಯುತ್ತದೆ, ದವಡೆ ಬಿಗಿಯುತ್ತದೆ, ರೆಪ್ಪೆ ಜೋಲುತ್ತದೆ. ಸುಮಾರು 3ರಿಂದ 8 ಗಂಟೆಯಲ್ಲಿ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಬಹುದು: ಒಡೆದ ಸ್ನಾಯುವಿನ ಕಸ ಮೂತ್ರಪಿಂಡಕ್ಕೆ ಬಂದಿದೆ ಎಂದರ್ಥ.

ಇದಕ್ಕೆಲ್ಲ ಕಾಯಬೇಡಿ. ಉಂಗುರ, ಬಳೆ ತೆಗೆಯಿರಿ, ಕಚ್ಚಿದ ಕೈಗೋ ಕಾಲಿಗೋ ಮರದ ಪಟ್ಟಿ ಕಟ್ಟಿ ಅಲುಗಾಡದಂತೆ ಇಡಿ, ನಡೆಸದೆ ಮಲಗಿಸಿ ಒಯ್ಯಿರಿ, 108ಕ್ಕೆ ಕರೆ ಮಾಡಿ. ಹಗ್ಗ ಬಿಗಿಯುವುದು, ಕೊಯ್ಯುವುದು, ಹೀರುವುದು, ಐಸ್ ಇಡುವುದು ಬೇಡ. ಎಲ್ಲಿಗೆ ಒಯ್ಯುವುದೆಂಬುದೂ ಮುಖ್ಯ. ನಮ್ಮಲ್ಲಿ ಸಿಗುವ ಹಾವಿನ ವಿಷದ ಇಂಜೆಕ್ಷನ್ ತಯಾರಾಗಿರುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ, ಕಡಲಹಾವಿಗೆ ಅಲ್ಲ. ಹಾಗಾಗಿ ಉಸಿರಿಗೆ ವೆಂಟಿಲೇಟರ್, ಮೂತ್ರಪಿಂಡಕ್ಕೆ ಡಯಾಲಿಸಿಸ್ ಎರಡೂ ಇರುವ ಆಸ್ಪತ್ರೆ ಯಾವುದೆಂದು ಬಲೆ ಹಾಕುವ ಮೊದಲೇ ತಿಳಿದಿರಲಿ. ಹಾವನ್ನು ಕೊಂಡೊಯ್ಯಬೇಡಿ, ದೂರದಿಂದ ತೆಗೆದ ಬಾಲದ ಒಂದು ಫೋಟೊ ಸಾಕು. ಕಚ್ಚಿದ ಗಂಟೆ ಬರೆದಿಡಿ, ವೈದ್ಯರಿಗೆ "ಕಡಲಹಾವು" ಎಂದೇ ಹೇಳಿ, ಮೂತ್ರದ ಬಣ್ಣ ಬದಲಾದ ಕೂಡಲೇ ಅದನ್ನೂ ತಿಳಿಸಿ.