ಮೇಲೇರುವಾಗ ಮಾತ್ರ ಬಿಸಿಯಾಗುತ್ತಿದ್ದ ರೋಟರಿ ಎಂಜಿನ್

ನಾನೇ ಕಟ್ಟಿದ ಎರಡು ಆಸನಗಳ ವಿಮಾನದಲ್ಲಿರುವುದು ಮಾಜ್ದಾ ಕಂಪನಿಯ 13ಬಿ ರೋಟರಿ ಎಂಜಿನ್, ಅಂದರೆ ಪಿಸ್ಟನ್‌ಗಳ ಬದಲು ತಿರುಗುವ ರೋಟರ್‌ಗಳಿರುವ ಎಂಜಿನ್. ಒಂದೇ ಎತ್ತರದಲ್ಲಿ ಸಾಗುವಾಗ ಅದರ ಕೂಲಂಟ್ (ಎಂಜಿನ್ನನ್ನು ತಂಪಾಗಿಡಲು ಒಳಗೆ ಹರಿಯುವ ದ್ರವ) 85 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಸ್ಥಿರವಾಗಿರುತ್ತಿತ್ತು; ಪೂರ್ಣ ಶಕ್ತಿ ಕೊಟ್ಟು ಮೇಲೇರತೊಡಗಿದರೆ ಮಾತ್ರ ಕೆಲವೇ ನಿಮಿಷಗಳಲ್ಲಿ 105 ಡಿಗ್ರಿಯನ್ನು ದಾಟುತ್ತಿತ್ತು. ಇಂಥ ತೊಂದರೆಗೆ ಸಾಮಾನ್ಯವಾಗಿ ಸಿಗುವ ಸಲಹೆ ಇನ್ನೂ ದೊಡ್ಡ ರೇಡಿಯೇಟರ್ ಹಾಕಿ ಎಂಬುದು. ರೇಡಿಯೇಟರ್ ದೊಡ್ಡದಾದಷ್ಟೂ ತೂಕ ಹೆಚ್ಚುತ್ತದೆ, ವಿಮಾನವನ್ನು ಹಿಂದಕ್ಕೆಳೆಯುವ ಗಾಳಿಯ ತಡೆಯೂ ಹೆಚ್ಚುತ್ತದೆ, ಮೂಲ ಕಾರಣ ಬೇರೆಡೆ ಇದ್ದರೆ ಬಿಸಿ ಇದ್ದಲ್ಲೇ ಇರುತ್ತದೆ. ಆದ್ದರಿಂದ ಉಷ್ಣ ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂಬುದನ್ನು ಅಳೆದು ತಿಳಿಯುವವರೆಗೆ ಯಾವ ಭಾಗವನ್ನೂ ಬದಲಿಸಬಾರದೆಂದು ನಿರ್ಧರಿಸಿದೆ.

ಈ ಎಂಜಿನ್ನಿನಲ್ಲಿ ಅತಿಯಾದ ಬಿಸಿ ಏಕೆ ಇಷ್ಟು ಅಪಾಯಕಾರಿ ಎಂಬುದನ್ನು ಮೊದಲೇ ಹೇಳಬೇಕು. ರೋಟರ್ ತಿರುಗುತ್ತಿದ್ದರೂ ಇಂಧನ ಉರಿಯುವುದು ಪ್ರತಿ ಬಾರಿಯೂ ಹೌಸಿಂಗಿನ, ಅಂದರೆ ರೋಟರನ್ನು ಸುತ್ತುವರಿದ ಕವಚದ, ಒಂದೇ ಬದಿಯಲ್ಲಿ, ಸ್ಪಾರ್ಕ್ ಪ್ಲಗ್‌ಗಳಿರುವ ಕಡೆ. ತಣ್ಣನೆಯ ಗಾಳಿ ಒಳಬರುವುದು ಯಾವಾಗಲೂ ಇನ್ನೊಂದು ಬದಿಯಲ್ಲಿ. ಅಲ್ಯೂಮಿನಿಯಂನ ರೋಟರ್ ಹೌಸಿಂಗುಗಳನ್ನು ಎರಕದ ಕಬ್ಬಿಣದ ಪಕ್ಕದ ಹೌಸಿಂಗುಗಳ ನಡುವೆ ಇಟ್ಟು ಉದ್ದನೆಯ ಬೋಲ್ಟುಗಳಿಂದ ಬಿಗಿದಿರುತ್ತಾರೆ, ಇವುಗಳ ಸಂದಿನಲ್ಲಿ ಕೂಲಂಟನ್ನು ತಡೆದಿಡುವುದು ತೆಳುವಾದ ರಬ್ಬರ್ ಸೀಲುಗಳು. ಎರಡು ಲೋಹಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲವಾದ್ದರಿಂದ, ಒಮ್ಮೆ ಮಿತಿಮೀರಿ ಕಾದರೂ ಸೀಲು ಹಾಳಾಗಿ, ಉರಿದ ಅನಿಲ ಕೂಲಂಟಿನೊಳಗೆ ನುಗ್ಗತೊಡಗುತ್ತದೆ. ರೋಟರ್‌ಗಳ ಒಳಭಾಗವನ್ನು ತಂಪಾಗಿಡುವುದು ಆಯಿಲ್; ತಂಪುಗೊಳಿಸುವ ವ್ಯವಸ್ಥೆ ಹೊರಹಾಕಬೇಕಾದ ಉಷ್ಣದಲ್ಲಿ ಸುಮಾರು ಮೂರನೇ ಒಂದು ಪಾಲು ಆಯಿಲ್ ಕೂಲರ್ ಮೂಲಕವೇ ಹೋಗಬೇಕು. ಕೂಲಂಟಿನ ಮಾಪಕವೊಂದನ್ನೇ ನೋಡುತ್ತ ಕುಳಿತವರಿಗೆ ಅರ್ಧ ಕಥೆ ಮಾತ್ರ ಕಾಣಿಸುತ್ತದೆ.

ಮಾಪಕವನ್ನೇ ಮೊದಲು ಪರೀಕ್ಷಿಸಿದೆ. ಸೆನ್ಸರನ್ನು ಕಳಚಿ, ಕುದಿಯುವ ನೀರಿನಲ್ಲಿ ಮತ್ತೊಂದು ನಂಬಿಕಸ್ತ ಥರ್ಮಾಮೀಟರಿನ ಪಕ್ಕದಲ್ಲಿ ಇಟ್ಟು ನೋಡಿದಾಗ ಎರಡೂ ಹೊಂದಿಕೆಯಾದವು. ಆದರೆ ವಿಮಾನದಲ್ಲಿ ಮತ್ತೆ ಜೋಡಿಸಿ, ಎಂಜಿನ್ ಓಡುತ್ತಿರುವಾಗ ಇಂಧನದ ಎರಡನೇ ಪಂಪನ್ನು ಚಾಲೂ ಮಾಡಿದೊಡನೆ ಮುಳ್ಳು 4 ಡಿಗ್ರಿಯಷ್ಟು ಜಿಗಿಯಿತು. ಒಂದೇ ತಂತಿಯ ಸೆನ್ಸರುಗಳು ಎಂಜಿನ್ನಿನ ಲೋಹವನ್ನೇ ಅರ್ಥಿಂಗ್ ಆಗಿ ಬಳಸುವುದರಿಂದ, ಆ ದಾರಿಯಲ್ಲಿ ಬೇರೆ ಉಪಕರಣಗಳ ವಿದ್ಯುತ್ತೂ ಹರಿದರೆ ಹೀಗಾಗುತ್ತದೆ. ಎರಡು ತಂತಿಯ ಸೆನ್ಸರ್ ಹಾಕಿದ ಮೇಲೆ ಜಿಗಿತ ನಿಂತಿತು, ಏರುವಾಗಿನ ಬಿಸಿ ಉಳಿಯಿತು. ಇದೇ ಸಂದರ್ಭದಲ್ಲಿ ಕೂಲಂಟಿನ ಒತ್ತಡವನ್ನು ತೋರಿಸುವ ಮಾಪಕವನ್ನೂ ಅಳವಡಿಸಿದೆ; ನನ್ನ ಅಭಿಪ್ರಾಯದಲ್ಲಿ ಇದು ತಾಪದ ಮಾಪಕಕ್ಕಿಂತಲೂ ಮುಖ್ಯವಾದುದು. ಕೂಲಂಟ್ ಸೋರಿಹೋಗಿ ಸೆನ್ಸರ್ ಬರಿಯ ಆವಿಯಲ್ಲಿ ನಿಂತರೆ, ಎಂಜಿನ್ ಸುಡುತ್ತಿರುವಾಗಲೂ ತಾಪದ ಮುಳ್ಳು ಕೆಳಗಿಳಿಯಬಹುದು. ಒತ್ತಡದ ಮುಳ್ಳು ಹಾಗೆ ಮೋಸ ಮಾಡುವುದಿಲ್ಲ.

ಅನಂತರ ನೀರಿನ ದಾರಿ. ವ್ಯವಸ್ಥೆಯನ್ನು ತುಂಬುವಾಗ ವಿಮಾನದ ಬಾಲ ನೆಲದ ಮೇಲಿದೆಯೋ ಮೂತಿ ಕೆಳಗಿದೆಯೋ ಎಂಬುದನ್ನು ಅನುಸರಿಸಿ ಅತ್ಯಂತ ಎತ್ತರದ ಬಿಂದು ಬದಲಾಗುತ್ತದೆ, ಗಾಳಿಯ ಗುಳ್ಳೆ ಸಿಕ್ಕಿಕೊಳ್ಳುವುದು ಆ ಬಿಂದುವಿನಲ್ಲೇ. ಅಲ್ಲಿಂದ ಸಣ್ಣ ಕೊಳವೆಯೊಂದನ್ನು ಎಲ್ಲಕ್ಕಿಂತ ಮೇಲಿರುವ ವಿಸ್ತರಣಾ ಟ್ಯಾಂಕಿಗೆ ಎಳೆದು, ಆ ಟ್ಯಾಂಕಿನ ತಳವನ್ನು ಪಂಪಿನ ಒಳದಾರಿಗೆ ಜೋಡಿಸಿದ್ದರಿಂದ ಗಾಳಿ ತಾನಾಗಿಯೇ ಬೇರ್ಪಡುವಂತಾಯಿತು. ಥರ್ಮೋಸ್ಟಾಟನ್ನು (ಕೂಲಂಟ್ ಬಿಸಿಯಾದಾಗ ತಾನಾಗಿ ತೆರೆದುಕೊಳ್ಳುವ ಕವಾಟವನ್ನು) ತೆಗೆದುಹಾಕಿದವರು ಬೈಪಾಸ್ ರಂಧ್ರವನ್ನು ಮುಚ್ಚಿದ್ದಾರೆಯೇ ಎಂದು ನೋಡಿಕೊಳ್ಳಲೇಬೇಕು. ಥರ್ಮೋಸ್ಟಾಟ್ ತೆರೆದುಕೊಂಡಾಗ ಅದರ ಕೆಳಗಿನ ಬಿಲ್ಲೆಯೇ ಆ ರಂಧ್ರವನ್ನು ಮುಚ್ಚುವಂತೆ ತಯಾರಕರು ರೂಪಿಸಿದ್ದಾರೆ. ಅದಿಲ್ಲದೆ ಹೋದರೆ ಕೂಲಂಟಿನ ಒಂದು ಪಾಲು ರೇಡಿಯೇಟರನ್ನು ಮುಟ್ಟದೆ ಪಂಪಿಗೇ ಮರಳುತ್ತದೆ. ನನ್ನ ಎಂಜಿನ್ನಿನಲ್ಲಿ ಆ ರಂಧ್ರ ಮುಚ್ಚಿತ್ತು. ಕೂಲಂಟಿನಲ್ಲಿ ಉರಿದ ಅನಿಲವಿದೆಯೇ ಎಂದು ತಿಳಿಯಲು ಬಣ್ಣ ಬದಲಿಸುವ ದ್ರಾವಣದ ಪರೀಕ್ಷೆಯನ್ನೂ ಮಾಡಿದೆ. ನೀಲಿ ನೀಲಿಯಾಗಿಯೇ ಉಳಿಯಿತು, ಸೀಲುಗಳು ಸರಿಯಾಗಿವೆ ಎಂದಾಯಿತು.

ಇಷ್ಟಾದ ಮೇಲೆ ರೇಡಿಯೇಟರಿನ ಒಳಬಾಯಿ ಮತ್ತು ಹೊರಬಾಯಿ ಎರಡರಲ್ಲೂ ಸೆನ್ಸರ್ ಇರಿಸಿ, ಮೇಲೇರುವಾಗಿನ ವ್ಯತ್ಯಾಸವನ್ನು ದಾಖಲಿಸಿದೆ. ಇಡೀ ಹುಡುಕಾಟದಲ್ಲಿ ಹೆಚ್ಚು ಬೆಳಕು ಚೆಲ್ಲಿದ್ದು ಈ ಒಂದು ಅಳತೆ. ನೀರು ಮತ್ತು ಎಥಿಲೀನ್ ಗ್ಲೈಕಾಲ್ ಸಮಪಾಲಿನ ಮಿಶ್ರಣ ನಿಮಿಷಕ್ಕೆ 100 ಲೀಟರಿನಂತೆ ಹರಿಯುತ್ತ 60 ಕಿಲೋವಾಟ್ ಉಷ್ಣವನ್ನು ಬಿಟ್ಟುಕೊಟ್ಟರೆ ಅದರ ತಾಪ ಸುಮಾರು 10 ಡಿಗ್ರಿ ಇಳಿಯಬೇಕು. ಹರಿವು ಅರ್ಧಕ್ಕಿಳಿದರೆ ಅಷ್ಟೇ ಉಷ್ಣಕ್ಕೆ ಇಳಿತ 20 ಡಿಗ್ರಿಯಾಗುತ್ತದೆ. ಹೀಗಾಗಿ ಇಳಿತ ವಿಪರೀತ ದೊಡ್ಡದಾಗಿದ್ದರೆ ಪಂಪು, ಮೆತುಗೊಳವೆ ಅಥವಾ ಕಟ್ಟಿಕೊಂಡ ನಳಿಕೆಗಳನ್ನು ಅನುಮಾನಿಸಬೇಕು. ನನಗೆ ಸಿಕ್ಕಿದ್ದು 9 ಡಿಗ್ರಿ. ನೀರು ಸಾಕಷ್ಟು ಹರಿಯುತ್ತಿತ್ತು ಎಂಬುದು ಖಚಿತವಾಯಿತು. ರೇಡಿಯೇಟರಿನ ಹಿಂದೆ ಗಾಳಿಯ ತಾಪವನ್ನು ಅಳೆದಾಗ ಅದು ಹೆಚ್ಚುಕಡಿಮೆ ಕೂಲಂಟಿನಷ್ಟೇ ಬಿಸಿಯಾಗಿತ್ತು. ಅಂದರೆ ರೇಡಿಯೇಟರ್ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿತ್ತು. ತನ್ನ ಮೂಲಕ ಹಾದ ಗಾಳಿಗೆ ಕೊಡಬಹುದಾದ ಉಷ್ಣವನ್ನೆಲ್ಲ ಕೊಟ್ಟುಬಿಟ್ಟಿತ್ತು. ಕೊರತೆ ಇದ್ದದ್ದು ಗಾಳಿಗೆ. ಇಂಥ ಸ್ಥಿತಿಯಲ್ಲಿ ಇನ್ನಷ್ಟು ದಪ್ಪನೆಯ ರೇಡಿಯೇಟರ್ ಹಾಕಿದ್ದರೆ ಗಾಳಿಯ ಹರಿವಿಗೆ ತಡೆ ಹೆಚ್ಚಿ ಪರಿಸ್ಥಿತಿ ಕೆಡುತ್ತಿತ್ತು.

ಮೇಲೇರುವಾಗಲೇ ಈ ಕೊರತೆ ಕಾಣಿಸುವುದಕ್ಕೆ ಸರಳವಾದ ಲೆಕ್ಕವಿದೆ. ಎದುರುಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಸಮುದ್ರಮಟ್ಟದಲ್ಲಿ 160 ನಾಟ್ ವೇಗಕ್ಕೆ ಅದು ಸುಮಾರು 42 ಸೆಂಟಿಮೀಟರ್ ನೀರಿನ ಎತ್ತರಕ್ಕೆ ಸಮ, ಮೇಲೇರುವಾಗಿನ 80 ನಾಟ್‌ಗೆ ಹತ್ತೂವರೆ ಸೆಂಟಿಮೀಟರ್ ಮಾತ್ರ. ಎಂಜಿನ್ ಅತಿ ಹೆಚ್ಚು ಉಷ್ಣ ಉಗುಳುವ ಹೊತ್ತಿಗೆ ಗಾಳಿಯನ್ನು ತಳ್ಳುವ ಬಲ ನಾಲ್ಕನೇ ಒಂದಕ್ಕೆ ಇಳಿದಿರುತ್ತದೆ. ಆ ಹತ್ತೂವರೆಯಲ್ಲಿ ಎಷ್ಟು ರೇಡಿಯೇಟರಿಗೆ ದಕ್ಕುತ್ತಿದೆ ಎಂದು ತಿಳಿಯಲು ಪಾರದರ್ಶಕ ಕೊಳವೆಯನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಾಗಿಸಿ, ಬಣ್ಣದ ನೀರು ತುಂಬಿ, ಕಾಕ್‌ಪಿಟ್ಟಿನಲ್ಲಿ ಅಳತೆಪಟ್ಟಿಯ ಮೇಲೆ ಅಂಟಿಸಿದೆ. ಒಂದು ತುದಿ ರೇಡಿಯೇಟರಿನ ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಮೇಲೇರುವಾಗ ಎರಡು ಕಂಬಗಳ ಅಂತರ ಬರೀ ಮೂರೂವರೆ ಸೆಂಟಿಮೀಟರ್ ಇತ್ತು. ಪ್ರತಿ ತುದಿಯನ್ನೂ ವಿಮಾನದ ಸ್ಟ್ಯಾಟಿಕ್ ಒತ್ತಡಕ್ಕೆ (ಸುತ್ತಲಿನ ನಿಶ್ಚಲ ಗಾಳಿಯ ಒತ್ತಡಕ್ಕೆ) ಹೋಲಿಸಿ ನೋಡಿದಾಗ ಮುಂದೆ 8 ಸೆಂಟಿಮೀಟರ್ ಸಿಗುತ್ತಿತ್ತು, ಹಿಂದೆಯೂ ನಾಲ್ಕೂವರೆ ಉಳಿದಿತ್ತು. ಗಾಳಿ ಒಳಗೆ ಬರುತ್ತಿತ್ತು, ಎಂಜಿನ್ನಿನ ಹೊರಹೊದಿಕೆಯಾದ ಕೌಲಿಂಗಿನಿಂದ ಹೊರಹೋಗಲು ಅದಕ್ಕೆ ಜಾಗ ಸಾಲುತ್ತಿರಲಿಲ್ಲ. ಆಯಿಲ್ ಕೂಲರಿನ ಬಿಸಿಗಾಳಿಯೂ ಅದೇ ಕಿರಿದಾದ ಬಾಯಿಯಿಂದಲೇ ಹೊರಬರಬೇಕಾಗಿತ್ತು.

ಅಳತೆಯ ಈ ಹಾರಾಟಗಳನ್ನೆಲ್ಲ ರನ್‌ವೇ ತಲುಪಬಲ್ಲ ದೂರದಲ್ಲೇ ನಡೆಸಿದೆ, 107 ಡಿಗ್ರಿ ಕಂಡೊಡನೆ ಶಕ್ತಿ ತಗ್ಗಿಸಿ ಮೂತಿ ಇಳಿಸುವುದೆಂಬ ನಿಯಮವನ್ನು ಒಮ್ಮೆಯೂ ಸಡಿಲಿಸಲಿಲ್ಲ.

ದುರಸ್ತಿ ಸರಳವಾಗಿತ್ತು. ಗಾಳಿ ಹೊರಹೋಗುವ ಕೌಲಿಂಗಿನ ಬಾಯಿಯನ್ನು ಅಗಲಿಸಿ, ಅದರ ಮುಂದಂಚಿಗೆ ಕೆಳಕ್ಕೆ ಚಾಚುವ ತುಟಿಯೊಂದನ್ನು ಕೂಡಿಸಿದೆ, ಹೊರಗಿನ ಗಾಳಿಯ ಓಟವೇ ಒಳಗಿನ ಗಾಳಿಯನ್ನು ಸೆಳೆದುಕೊಳ್ಳುವಂತೆ. ವೇಗವಾಗಿ ಸಾಗುವಾಗ ಅಷ್ಟು ದೊಡ್ಡ ಬಾಯಿ ಅನಗತ್ಯ ತಡೆಯಾಗುವುದರಿಂದ ಮುಚ್ಚಿ ತೆರೆಯಬಲ್ಲ ಫ್ಲ್ಯಾಪ್ ಅಳವಡಿಸಿದೆ. ರೇಡಿಯೇಟರಿನ ಅಂಚು ಮತ್ತು ಅದಕ್ಕೆ ಗಾಳಿ ತರುವ ಡಕ್ಟಿನ ನಡುವೆ ಬೆರಳು ತೂರುವಷ್ಟು ಸಂದುಗಳಿದ್ದವು. ಅವನ್ನು ಸಿಲಿಕೋನ್ ರಬ್ಬರಿನ ಪಟ್ಟಿಗಳಿಂದ ಮುಚ್ಚಿದೆ. ಅದೇ ವೇಗ, ಅದೇ ಶಕ್ತಿಯಲ್ಲಿ ಮತ್ತೆ ಮೇಲೇರಿದಾಗ ಅಂತರ ಆರೂವರೆ ಸೆಂಟಿಮೀಟರಿಗೆ ಏರಿತ್ತು, ಕೂಲಂಟ್ 94 ಡಿಗ್ರಿಯಲ್ಲಿ ನಿಂತಿತು, ಆಯಿಲ್ ತಾಪವೂ ಜೊತೆಯಲ್ಲೇ ಇಳಿಯಿತು. ರೇಡಿಯೇಟರ್ ಹಳೆಯದೇ.

ನೆಲದ ಮೇಲೆ ಬಹಳ ಹೊತ್ತು ಕಾಯಬೇಕಾದಾಗ ತಾಪ ಈಗಲೂ ಏರುತ್ತದೆ, ಏಕೆಂದರೆ ಅಲ್ಲಿ ಪ್ರೊಪೆಲ್ಲರಿನ ಬುಡದಿಂದ ಬರುವ ಗಾಳಿ ಅತ್ಯಲ್ಪ. ಆಗ ಮೂತಿಯನ್ನು ಗಾಳಿಗೆ ಎದುರಾಗಿಸಿ ನಿಲ್ಲುತ್ತೇನೆ, 95 ಡಿಗ್ರಿ ಮೀರಿದ್ದರೆ ಹೊರಡುವುದಿಲ್ಲ. ದಿನದ ಮೊದಲ ಚಾಲನೆಯಲ್ಲಿ ಒತ್ತಡದ ಮಾಪಕದ ಮೇಲೆ ಕಣ್ಣಿಟ್ಟಿರುತ್ತೇನೆ. ತಣ್ಣಗಿರುವ ಎಂಜಿನ್ನಿನಲ್ಲಿ ತಾಪ ಏರುವ ಮುನ್ನವೇ ಒತ್ತಡ ಏರಿದರೆ ಒಳಗಿನ ಸೀಲು ಸೋರುತ್ತಿದೆ ಎಂದರ್ಥ, ಅಂದು ಹಾರಾಟವಿಲ್ಲ.