10 x 9 ಅಡಿಯ ಮಲಗುವ ಕೋಲಿಯಲ್ಲಿ ನಾಲ್ವರಿಗೆ ಐದು ದಿನದ ದಾಸ್ತಾನು: ನನ್ನ ಅನುಭವ

ನೆರೆಯಂಥ ಆಪತ್ತಿಗೆ ಇರಲೆಂದು ನೀರು, ಕಾಳುಕಡಿ, ಔಷಧಿ ಕೂಡಿಟ್ಟಾಗ, ಮಲಗೋ ಕೋಲಿಯೊಳಗ ಕಿರಾಣಿ ಅಂಗಡಿ ಇಡ್ತೀರೇನು ಎಂದವರಿಗೆಲ್ಲ ಈಗ ಉತ್ತರ ಸಿಕ್ಕಿದೆ. ಮಳೆಗಾಲಗಳು ಕಳೆದವು, ಬ್ಯಾಳಿಯಲ್ಲಿ ಹುಳವಿಲ್ಲ, ನೀರಿಗೆ ವಾಸನೆಯಿಲ್ಲ, ನಡೆದಾಡಲು ಜಾಗವೂ ಕಡಿಮೆಯಾಗಿಲ್ಲ.

ಇದೆಲ್ಲ ಸಾಧ್ಯವಾಗಿದ್ದು ಮಂಚದ ಎತ್ತರದಿಂದ. 6 x 4 ಅಡಿಯ ಮಂಚದ ಕೆಳಗೆ 11 ಇಂಚು ಇತ್ತು. ನಾಲ್ಕೂ ಕಾಲಿಗೆ 4 ಇಂಚಿನ ಸಾಲಿಡ್ ಬ್ಲಾಕ್ ಅಡ್ಡ ಮಲಗಿಸಿ ಇಟ್ಟಾಗ 15 ಇಂಚು ಆಯಿತು, ಅಂದರೆ ಮಂಚದ ಕೆಳಗೆ ಸುಮಾರು 30 ಘನ ಅಡಿ ಜಾಗ. ಬ್ಲಾಕಿನ ಮೇಲೆ ಹಳೇ ಟೈರ್ ರಬ್ಬರಿನ ತುಂಡು ಹಾಕದಿದ್ದರೆ ಮಂಚದ ಕಾಲು ಜಾರುತ್ತದೆ.

ನೀರಿಗೆ 20 ಲೀಟರ್ ಜಾರ್ ಬೇಡ. ನಿಲ್ಲಿಸಿದರೆ ಹಿಡಿಸದು, ಮಲಗಿಸಿದರೆ ಮುಚ್ಚಳದಲ್ಲಿ ಸೋರುತ್ತದೆ. ಆಹಾರಕ್ಕೆ ಬಳಸುವ ದರ್ಜೆಯ 10 ಲೀಟರ್ ಕ್ಯಾನ್ ಹತ್ತು, ಐದೈದರ ಎರಡು ಸಾಲು. ತಲೆಗೆ ದಿನಕ್ಕೆ 5 ಲೀಟರ್, ಕುಡಿಯಲು ಮತ್ತು ಅಡುಗೆಗೆ ಮಾತ್ರ. ಬಚ್ಚಲಿನ ನೀರು ಎಂದಿನಂತೆ ಸಿಂಟೆಕ್ಸಿನಲ್ಲಿ. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ನಳ ಬರುವುದೇ ದಿನಗಟ್ಟಲೆ ಬಿಟ್ಟು, ಹಾಗಾಗಿ ತಾರೀಖು ಬರೆದಿಡುವ ಕೆಲಸವಿಲ್ಲ: ನಳ ಬಂದ ದಿನ ಹಳೆಯ ಎರಡು ಕ್ಯಾನ್ ಬಳಕೆಗೆ, ತೊಳೆದು ತುಂಬಿದ ಎರಡು ಹಿಂದಿನ ಸಾಲಿಗೆ. ಕಂಠಮಟ್ಟ ತುಂಬಿ. ಮಂಚದ ಕೆಳಗೆ ನುಸಿಗುಳಿಗೆ (ನ್ಯಾಫ್ತಲೀನ್), ಫಿನೈಲ್ ಎರಡೂ ಇರಕೂಡದು. ಪ್ಲಾಸ್ಟಿಕ್ಕಿನ ಮೂಲಕವೇ ಆ ವಾಸನೆ ನೀರಿಗೂ ಅಕ್ಕಿಗೂ ಇಳಿಯುತ್ತದೆ.

ಕಾಳುಕಡಿಗೆ ತಗಡಿನ ಟ್ರಂಕ್ ಕೈಕೊಟ್ಟಿತು. ಎರಡು ಸಾವಿರದ ಹತ್ತಿರ ಬೆಲೆ, ಆಷಾಢ ಶ್ರಾವಣದ ಜಡಿಮಳೆಗೆ ಪಡುವಣ ಗೋಡೆ ಹಸಿಯಾದಾಗ ಒಳಗೆಲ್ಲ ಬೆವರಿ ತಳ ಜಂಗು ಹಿಡಿಯಿತು. ಮುಚ್ಚಳದ ಪ್ಲಾಸ್ಟಿಕ್ ಕ್ರೇಟ್, ಒಂದಕ್ಕೆ ನಾನೂರರ ಆಸುಪಾಸು, ಮಂಚದ ಕೆಳಗೆ ಗೋಡೆಯಿಂದ ಮೂರಿಂಚು ಬಿಟ್ಟು ಇಟ್ಟರೆ ಆ ತೊಂದರೆಯಿಲ್ಲ.  ಒಳಗೆ ಅಕ್ಕಿ 5 ಕಿಲೋ, ತೊಗರಿ ಬ್ಯಾಳಿ 2, ಅವಲಕ್ಕಿ 2, ಪುಠಾಣಿ (ಹುರಿಗಡಲೆ) 1, ಬೆಲ್ಲ 1. ಬ್ಯಾಳಿಯನ್ನು ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಕಿಲೋಗೆ ಒಂದು ಚಮಚ ಹರಳೆಣ್ಣೆ ಸವರಬೇಕು. ಬಿಸಿಯಿರುವಾಗಲೇ ಡಬ್ಬಿಗೆ ಹಾಕಿದರೆ ಒಳಗೆ ನೀರಾಡಿ ಗಂಟುಗಟ್ಟುತ್ತದೆ.

ಕಟಕ (ಗರಿಗರಿ ಒಣಗಿದ) ರೊಟ್ಟಿಯ ಪ್ರಯೋಗವನ್ನೂ ಹೇಳಲೇಬೇಕು. ಒಂದೇ ಸಲ ಬಡಿದ ಜೋಳದ ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ, ಬುಟ್ಟಿಯಲ್ಲಿ, ಬಿಳಿ ಅರಿವೆ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಇಟ್ಟು ನೋಡಿದೆ. ಮಳೆಗಾಲದಲ್ಲಿ ಚೀಲದ್ದು ವಾರದೊಳಗೆ ಮೆತ್ತಗಾಗಿ ಬೂಷ್ಟು, ಬುಟ್ಟಿಯದು ಅದರ ಬೆನ್ನಿಗೇ. ಡಬ್ಬಿಯದು ತಿಂಗಳಾದರೂ ಕಟಕಟ. ಸಜ್ಜಿ ರೊಟ್ಟಿ ಮಾತ್ರ ಎಲ್ಲಿಟ್ಟರೂ ಬೇಗ ಕಹಿಯಾಗುತ್ತದೆ, ಅದರ ಹಿಟ್ಟಿನಲ್ಲೇ ಎಣ್ಣೆಯಂಶ ಜಾಸ್ತಿ. ಶೇಂಗಾ ಚಟ್ನಿಯೂ ಹಾಗೇ ಕಮಟುತ್ತದೆ, ಪುಠಾಣಿ ಚಟ್ನಿ ಹೆಚ್ಚು ತಾಳುತ್ತದೆ.

ಔಷಧಿಯನ್ನು ಅಟ್ಟದ ಮೇಲೆ ಇಡುವವರಿದ್ದಾರೆ. ಏಪ್ರಿಲ್‌ನಲ್ಲಿ ಆರ್‌ಸಿಸಿ ಸ್ಲ್ಯಾಬಿನ ಕಾವಿಗೆ ಗುಳಿಗೆ ಕೆಡುತ್ತವೆ. ಮಂಚದ ಕೆಳಗೂ ಬೇಡ: 2019ರ ಆಗಸ್ಟ್‌ನಲ್ಲಿ ಧಾರವಾಡ ಜಿಲ್ಲೆಯ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿದಾಗ ಹಳ್ಳದ ದಂಡೆಯ ಮನೆಗಳಲ್ಲಿ ಮೊದಲು ನೆಂದದ್ದೇ ನೆಲಮಟ್ಟದ ಸಾಮಾನು. ನನ್ನ ಜಾಗ ಬಾಗಿಲ ಹಿಂದೆ. ಚಪ್ಪಲಿ ಇಡುವ ಜೇಬುಗಳ ತೂಗು ಬಟ್ಟೆ, ಇನ್ನೂರೈವತ್ತು ರೂಪಾಯಿ. ಎದೆಮಟ್ಟದ ಜೇಬುಗಳಲ್ಲಿ ಗುಳಿಗೆ, ಒಂದು ಲೀಟರ್ ನೀರಿಗೆ ಬೆರೆಸುವ ಓಆರ್‌ಎಸ್ ಪೊಟ್ಟಣಗಳು, ನೀರು ಶುದ್ಧಮಾಡುವ ಕ್ಲೋರಿನ್ ಗುಳಿಗೆ, ಬ್ಯಾಟರಿ (ಟಾರ್ಚ್). ಸೆಲ್ ಹೊರಗೇ ಇರಲಿ, ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ತಿನ್ನುತ್ತದೆ. ಪವರ್ ಬ್ಯಾಂಕನ್ನು ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು. ಕಾಗದಪತ್ರ ಜಿಪ್ ಚೀಲದಲ್ಲಿ ಮೇಲಿನ ಜೇಬಿಗೆ.

ಸಣ್ಣ ಸಿಲಿಂಡರ್, ಸೀಮೆಎಣ್ಣೆ ಎರಡನ್ನೂ ಈ ಕೋಲಿಯೊಳಗೆ ತರಬೇಡಿ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಮಂಚದ ಕೆಳಗೇ ಕೂರುತ್ತದೆ. ಒಲೆಯಿಲ್ಲದ ದಿನಕ್ಕೆ ಅವಲಕ್ಕಿ, ರೊಟ್ಟಿ ಇದ್ದೇ ಇವೆ. ಕೆಟ್ಟ ಟ್ರಂಕ್ ಬಿಟ್ಟು ಒಟ್ಟು ಖರ್ಚು ಐದಾರು ಸಾವಿರ, ಅದರಲ್ಲಿ ಕ್ಯಾನುಗಳಿಗೇ ಒಂದೂವರೆ ಸಾವಿರ.